ತೂತುಚಿಪ್ಪಿಯ ರಕ್ತ

ಮಾರ್ಚ್ 11

ಪ್ರೀತಿಯ ಅತ್ತಿಗೆ,

ನಿನ್ನೆ ಅಣ್ಣ ಆಫೀಸಿನ ಫೋನಿಗೆ ಮಾಡಿದ್ದ. ಎಂದಿನ ಹಾಗೆ "ಎಲ್ಲ ಚೆನ್ನಾಗಿದೆ, ನೀನು ಹೇಗಿದ್ದೀಯ ಕಪ್ಪೆಮರಿ" ಅಂತ ಶುರು ಮಾಡಿ, ಬಿಸಿಲು ಗಾಳಿ ಅಂತ ಅದೂ ಇದೂ ಮಾತಾಡಿ, ಇಡುವ ಮೊದಲು ಮೆಲ್ಲಗೆ ವಿಷಯ ತೂರಿಸಿದ. ಮೂತ್ರಪಿಂಡದ ಆಪರೇಷನ್ ಆದಮೇಲೂ ಗೆಡ್ಡೆ ಬೇರೆ ಕಡೆ ಕಾಣಿಸಿಕೊಂಡಿದೆಯಂತೆ. ಹೊಸ ಔಷಧವೊಂದರ ಪ್ರಯೋಗಕ್ಕೆ ಅವನನ್ನು ಸೇರಿಸಿಕೊಂಡಿದ್ದಾರಂತೆ. ಅದರಲ್ಲಿ "ನಿನ್ನ ಹುಳುಗಳ ರಕ್ತ" ಇದೆಯಂತೆ. ಪಕ್ಕದಲ್ಲೇ ನಮ್ಮ ಮೇಲ್ವಿಚಾರಕರು ಕೂತಿದ್ದರು, ಕೇಳಬೇಕಾದದ್ದನ್ನು ಒಂದೂ ಕೇಳಲಾಗಲಿಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಲಿಫ್ಟ್ ರಿಪೇರಿ ಮಾಡುವ ಅಣ್ಣನಿಗೆ ಅದರ ಹಗ್ಗ ಸವೆದರೆ ಗೊತ್ತಾಗುತ್ತದೆ, ತನ್ನ ಮೈ ಸವೆದರೆ ಗೊತ್ತಾಗುವುದಿಲ್ಲ, ಗೊತ್ತಾದರೂ ಹೇಳುವವನಲ್ಲ. ನೀವಾದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೀರಿ.

ಮದುವೆಯಾದ ಹೊಸತರಲ್ಲಿ ಅವನು "ನನ್ನ ತಂಗಿ ಬಸವನಹುಳು ಮೇಯಿಸ್ತಾಳೆ" ಅಂತ ಹೇಳಿ ನಿಮ್ಮನ್ನು ನಗಿಸಿದ್ದ, ನೆನಪಿದೆಯೇ? ಸುಳ್ಳೇನಲ್ಲ. ಸಮುದ್ರದ ನೀರು ಹರಿಯುವ ತೊಟ್ಟಿಗಳಲ್ಲಿ ಅವು ಗೋಡೆಗೆ ಅಂಟಿಕೊಂಡಿರುತ್ತವೆ. ಒಂದೊಂದೂ ಅಂಗೈಯಗಲ, ಚಿಪ್ಪಿನ ನೆತ್ತಿಯಲ್ಲೊಂದು ತೂತು. ನಾವು ತೂತುಚಿಪ್ಪಿ ಅನ್ನುತ್ತೇವೆ. ಚಪ್ಪಟೆ ಅಲಗಿನಿಂದ ಮೆಲ್ಲಗೆ ಎಬ್ಬಿಸಿ, ಮಗುಚಿ, ಗೋಡೆ ಕಚ್ಚುವ ಅದರ ಮೆತ್ತನೆ ಪಾದಕ್ಕೆ ಸೂಜಿ ಹಾಕಿ ಸ್ವಲ್ಪವೇ ರಕ್ತ ತೆಗೆಯುತ್ತೇನೆ. ಬರುವಾಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಗಾಳಿ ತಾಗಿದ ಮೇಲೆ ತಿಳಿನೀಲಿಯಾಗುತ್ತದೆ, ತೊಳೆದ ಆಕಾಶದ ಹಾಗೆ. ನಮ್ಮ ರಕ್ತದಲ್ಲಿ ಕಬ್ಬಿಣವಿದ್ದರೆ ಅದರದ್ದರಲ್ಲಿ ತಾಮ್ರ. ಆಮೇಲೆ ನೀರಿಗೆ ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಗೋಡೆಗೆ ಅಂಟಿಕೊಳ್ಳುತ್ತದೆ.

ಆ ರಕ್ತ ಎಲ್ಲಿಗೆ ಹೋಗುತ್ತದೆಂದು ನಾನು ಎಂದೂ ಯೋಚಿಸಿರಲಿಲ್ಲ. ಬಾಟಲಿಗೆ ಚೀಟಿ ಹಚ್ಚಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಈಗ ನೋಡಿ.

ಎಲ್ಲವನ್ನೂ ಬರೆಯಿರಿ.

ನಿಮ್ಮ ನಾದಿನಿ

&nbsp;

ಮಾರ್ಚ್ 29

ಪ್ರೀತಿಯ ಕಪ್ಪೆಮರಿ,

ಮೊದಲ ಚುಚ್ಚುಮದ್ದು ಆಯಿತು. ತೊಡೆಗೆ ಹಾಕಿದರು. ನಿಮ್ಮಣ್ಣ ಹೊರಗೆ ಬರುವಾಗಲೇ ಕಾಲೆಳೆಯುತ್ತಾ ಬಂದರು. ನಾನು ಗಾಬರಿಯಾಗಿ ಎದ್ದರೆ, "ಇನ್ಮೇಲೆ ನಿಧಾನ ನಡೆದ್ರೆ ಬೈಬೇಡ, ಮೈಯಲ್ಲಿ ಬಸವನಹುಳು ರಕ್ತ ಇದೆ" ಅಂದರು. ಸಾಲಿನಲ್ಲಿ ಕೂತಿದ್ದ ಬೇರೆ ರೋಗಿಗಳೂ ನಕ್ಕರು. ನನಗೆ ಬೆನ್ನಿಗೊಂದು ಗುದ್ದೋಣ ಅನಿಸಿತು.

ನಾನು ಕನ್ನಡಕದ ಅಂಗಡಿಯವಳು. ಕಣ್ಣಿನ ವಿಷಯವಾದರೆ ನಾಲ್ಕು ಮಾತು ಹೇಳಬಲ್ಲೆ, ಇದು ನನಗೆ ಹೊಸದು. ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ಮೈಯೊಳಗೆ ಕಾವಲಿನ ಕಣಗಳಿವೆಯಂತೆ. ಹೊರಗಿನವರು ಬಂದರೆ ಮೇಲೆ ಬೀಳುತ್ತವೆ. ಆದರೆ ಗೆಡ್ಡೆ ಹೊರಗಿನದಲ್ಲವಲ್ಲ, ನಮ್ಮ ಮೈಯಲ್ಲೇ ಹುಟ್ಟಿದ್ದು; ಮನೆಯವರೇ ಅಂದುಕೊಂಡು ಬಿಟ್ಟುಬಿಡುತ್ತವೆ. ಅದಕ್ಕೆ ಗೆಡ್ಡೆಯ ಚೂರೊಂದನ್ನು ನಿನ್ನ ಚಿಪ್ಪಿಯ ಪ್ರೋಟೀನಿಗೆ ಅಂಟಿಸಿ ಒಳಗೆ ಬಿಡುತ್ತಾರೆ. ಚಿಪ್ಪಿಯದ್ದನ್ನು ಕಂಡು ಕಾವಲಿನವರು ಕೂಗಾಡಿಕೊಂಡು ಓಡಿಬಂದಾಗ, ಅದಕ್ಕೆ ಅಂಟಿಕೊಂಡದ್ದೂ ಕಣ್ಣಿಗೆ ಬೀಳಲಿ ಅಂತ. ಬೀಳಬಹುದು, ಬೀಳದೆಯೂ ಇರಬಹುದು, ಅದನ್ನು ತಿಳಿಯುವುದಕ್ಕೇ ಪ್ರಯೋಗ ಅಂದರು. ಅವರು ಸುಳ್ಳು ಭರವಸೆ ಕೊಡುವ ಪೈಕಿಯಲ್ಲ.

ಊಟ ಪರವಾಗಿಲ್ಲ. ಕೆಲಸಕ್ಕೆ ರಜೆ ಹಾಕಿದ್ದಾರೆ, ಆದರೂ ನಮ್ಮ ಕಟ್ಟಡದ ಲಿಫ್ಟ್ ಕಿರುಗುಟ್ಟಿದರೆ ಹಾಸಿಗೆಯಿಂದಲೇ ಬೈಯುತ್ತಾರೆ.

ಅತ್ತಿಗೆ

&nbsp;

ಏಪ್ರಿಲ್ 7

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದವನ್ನು ನಮ್ಮ ಜೀವಶಾಸ್ತ್ರಜ್ಞೆಗೆ ಓದಿ ಹೇಳಿದೆ. ಡಾಕ್ಟರಮ್ಮ ಸರಿಯಾಗಿಯೇ ಹೇಳಿದ್ದಾರೆ ಅಂದಳು. ಈ ಪ್ರೋಟೀನ್ ಬಹಳ ದೊಡ್ಡದಂತೆ. ಬಾಗಿಲಲ್ಲಿ ತೂರದ ಬೀರುವಿನ ಹಾಗೆ, ನೋಡದೆ ಇರುವುದಕ್ಕೇ ಆಗುವುದಿಲ್ಲ. ಅದರ ಮೇಲೆ ಹತ್ತಿರುವ ಸಕ್ಕರೆಯ ಎಳೆಗಳೂ ನಮ್ಮಂಥ ಪ್ರಾಣಿಗಳ ಮೈ ಕಂಡರಿಯದವು. ಇಲಿಗೆ ಕೊಟ್ಟರೂ ಮೊಲಕ್ಕೆ ಕೊಟ್ಟರೂ ಮನುಷ್ಯರಿಗೆ ಕೊಟ್ಟರೂ ಒಂದೇ ಗಲಾಟೆಯಂತೆ. ಕಾವಲಿನ ಕಣಗಳು ಅದನ್ನು ನುಂಗಿ, ಅರಗಿಸಿಕೊಳ್ಳಲಾರದೆ, ಬಹಳ ಹೊತ್ತು ಬೇರೆ ಕಣಗಳನ್ನು ಕರೆಯುತ್ತಲೇ ಇರುತ್ತವಂತೆ.

ಚುಚ್ಚಿದಲ್ಲಿ ಕೆಂಪಗೆ ಊದಿದರೆ ಹೆದರಬೇಡಿ. ಊದಬೇಕು. ಊದಿದರೆ ಮೈ ಎಚ್ಚೆತ್ತಿದೆ ಅಂತ ಅರ್ಥ. ಊದಿದ ಕೂಡಲೇ ನನಗೆ ಬರೆಯಿರಿ.

ಈಗ ಪ್ರತಿ ಸಲ ಸೂಜಿ ಹಾಕುವಾಗಲೂ ಇದು ಅಣ್ಣನ ಪಾಲಿನದಿರಬಹುದೇ ಅನಿಸುತ್ತದೆ. ನಾವು ಕಳಿಸುವುದು ಎಷ್ಟೋ ಕಡೆಗೆ, ಇದು ಅವನಿಗೇ ಹೋಗುತ್ತದೆಂದು ಹೇಳಲಾಗದು. ಆದರೂ ನಿನ್ನೆ ಒಂದು ಮುದಿ ಚಿಪ್ಪಿಗೆ, "ಸರಿಯಾಗಿ ಕೊಡು ತಾಯಿ, ನಮ್ಮಣ್ಣನಿಗೆ" ಅಂದೆ. ಪಕ್ಕದ ತೊಟ್ಟಿಯ ಹೆಂಗಸು ಯಾರ ಹತ್ತಿರ ಮಾತಾಡ್ತಿದ್ದೀಯ ಅಂತ ಇಣುಕಿದಳು.

ನಾದಿನಿ

&nbsp;

ಮೇ 2

ಕಪ್ಪೆಮರಿ,

ಊದಿದೆ! ಮೊಣಕೈಯ ಕೆಳಗೆ ಬರೀ ಚಿಪ್ಪಿಯ ಪ್ರೋಟೀನನ್ನು ಚರ್ಮಕ್ಕೆ ಚುಚ್ಚಿ ಪರೀಕ್ಷೆ ಮಾಡಿದ್ದರು. ಬೆಳಗ್ಗೆ ನೋಡಿದರೆ ಅಲ್ಲಿ ಕೆಂಪಗೆ, ಬಿಸಿಯಾಗಿ, ಬಿಲ್ಲೆಯಂತೆ ಎದ್ದಿದೆ. ಡಾಕ್ಟರಮ್ಮ ಅಳತೆಪಟ್ಟಿ ಇಟ್ಟು ನೋಡಿ, ತುಂಬ ಒಳ್ಳೆಯ ಪ್ರತಿಕ್ರಿಯೆ ಅಂದರು. ರಕ್ತ ಪರೀಕ್ಷೆಯೂ ಅದನ್ನೇ ಹೇಳಿದೆ.

ನಿಮ್ಮಣ್ಣ ಊತದ ಸುತ್ತ ಪೆನ್ನಿನಲ್ಲಿ ಗೆರೆ ಎಳೆದುಕೊಂಡು, ಬಂದವರಿಗೆಲ್ಲ ತೋಳು ಮಡಚಿ ತೋರಿಸುತ್ತಿದ್ದಾರೆ. ಜೊತೆಗೆ ಕೆಲಸ ಮಾಡುವ ಇಬ್ಬರು ನೋಡಲು ಬಂದಿದ್ದರು. ಅವರ ಮುಂದೆ, "ನನ್ನ ತಂಗಿ ಮಾಡಿದ್ದು" ಅಂದರು. ತುರಿಕೆ ಮಾತ್ರ ಜೋರು. ಕೆರೆದುಕೊಳ್ಳದ ಹಾಗೆ ಕಾಲುಚೀಲ ತೊಡಿಸಿದ್ದೇನೆ ಕೈಗೆ.

ಅತ್ತಿಗೆ

&nbsp;

ಮೇ 9

ಪ್ರೀತಿಯ ಅತ್ತಿಗೆ, ಪ್ರೀತಿಯ ಅಣ್ಣ (ಇದನ್ನು ಅವನ ಮುಂದೆ ಗಟ್ಟಿಯಾಗಿ ಓದಿ),

ಕಾಗದ ಹಿಡಿದುಕೊಂಡು ತೊಟ್ಟಿಗಳ ಮನೆಯ ಉದ್ದಕ್ಕೂ ಓಡಿದೆ. ಒದ್ದೆ ನೆಲ, ಜಾರಿ ಬಿದ್ದೆ, ಮೊಣಕಾಲು ತರಚಿತು, ಎದ್ದು ಮತ್ತೆ ಓಡಿದೆ. ಮೇಲ್ವಿಚಾರಕರು ಏನಾಯಿತೆಂದು ಕೇಳಿದರು. "ನಮ್ಮಣ್ಣನಿಗೆ ಊದಿದೆ!" ಅಂದೆ. ಅವರು ಪಾಪ, ಅಯ್ಯೋ ಅಂದರು. ಆಮೇಲೆ ವಿಷಯ ತಿಳಿದು ನನ್ನ ಕೈ ಕುಲುಕಿದರು.

ಅಣ್ಣ, ಮಳೆಗಾಲ ಕಳೆದ ಮೇಲೆ ನೀನು ಇಲ್ಲಿಗೆ ಬರಬೇಕು. ನನಗೆ ಈಜು ಕಲಿಸಿದವನು ನೀನು, ನಿನಗೆ ಈ ಸಮುದ್ರ ತೋರಿಸದಿದ್ದರೆ ನನಗೆ ಸಮಾಧಾನವಿಲ್ಲ. ಹಾಸಿಗೆ ನಿನಗೆ ಅತ್ತಿಗೆಗೆ, ನನಗೆ ನೆಲ. ಈಗಲೇ ಹೇಳಿದ್ದೇನೆ, ಆಮೇಲೆ ರಜೆ ಇಲ್ಲ ಅನ್ನಬಾರದು.

ಅತ್ತಿಗೆ, ಗೆಡ್ಡೆ ಕುಗ್ಗಿದೆಯೋ ಎಂದು ನೋಡುವ ಸ್ಕ್ಯಾನ್ ಯಾವಾಗ?

ಕಪ್ಪೆಮರಿ

&nbsp;

ಜೂನ್ 20

ಕಪ್ಪೆಮರಿ,

ಬರೆಯಲು ತಡವಾಯಿತು, ಬೇಸರಿಸಬೇಡ. ಅಂಗಡಿಯಲ್ಲಿ ಶಾಲೆ ಶುರುವಾಗುವ ಹೊತ್ತಿನ ಗದ್ದಲ. ಮೊನ್ನೆ ಒಬ್ಬ ಅಜ್ಜಿ ಬಂದು, ಹೊಸ ಕನ್ನಡಕ ಹಾಕಿಕೊಂಡು, ಕನ್ನಡಿಯಲ್ಲಿ ತನ್ನನ್ನೇ ಬಹಳ ಹೊತ್ತು ನೋಡಿ, "ಹಳೇದೇ ಕೊಡಮ್ಮ, ಅದರಲ್ಲಿ ಚೆನ್ನಾಗಿ ಕಾಣ್ತಿದ್ದೆ" ಅಂದರು. ನಿಮ್ಮಣ್ಣನಿಗೆ ಹೇಳಿದೆ, ನಕ್ಕರು.

ಅವರು ಸೆಖೆಗೆ ಸ್ವಲ್ಪ ಇಳಿದಿದ್ದಾರೆ. ಮಂಚವನ್ನು ಕಿಟಕಿಯ ಹತ್ತಿರಕ್ಕೆ ಎಳೆದಿದ್ದೇವೆ, ಗಾಳಿ ಬರುತ್ತದೆ. ನಿನ್ನ ಕಾಗದಗಳನ್ನು ಮತ್ತೆ ಮತ್ತೆ ಓದಿಸಿಕೊಳ್ಳುತ್ತಾರೆ. ಬರೆಯುತ್ತಿರು. ಚಿಪ್ಪಿಗಳ ವಿಷಯ, ಜೊತೆಯವರ ವಿಷಯ, ಏನಾದರೂ ಸರಿ.

ಅತ್ತಿಗೆ

&nbsp;

ಜೂನ್ 28

ಪ್ರೀತಿಯ ಅತ್ತಿಗೆ,

ಸ್ಕ್ಯಾನಿನ ವಿಷಯ ನೀವು ಬರೆಯಲೇ ಇಲ್ಲ. ಕೆಟ್ಟದ್ದಾಗಿದ್ದರೆ ನೀವು ಮುಚ್ಚಿಡುವವರಲ್ಲ, ಹಾಗಾಗಿ ಇನ್ನೂ ಆಗಿಲ್ಲ ಅಂದುಕೊಂಡಿದ್ದೇನೆ. ಆದರೆ ನಿಮ್ಮ ಕಾಗದದಲ್ಲಿ ಅಣ್ಣ ಆಡಿದ ಒಂದು ಮಾತಾದರೂ ಇರುತ್ತಿತ್ತಲ್ಲ, ಈ ಸಲ ಅದೂ ಇಲ್ಲ. ಫೋನಿಗೂ ಬರುತ್ತಿಲ್ಲ, ಯಾವಾಗ ಮಾಡಿದರೂ ಮಲಗಿದ್ದಾನೆ ಅನ್ನುತ್ತೀರಿ.

ಈ ಸಲ ಮಳೆ ಕೈಕೊಟ್ಟಿದೆ, ಇಲ್ಲಿ ಸಮುದ್ರ ಬಿಸಿಯಾಗುತ್ತಿದೆ. ತೊಟ್ಟಿಗೆ ಬರುವ ನೀರೂ ಬೆಚ್ಚಗಿರುತ್ತದೆ, ತಣ್ಣಗೆ ಮಾಡುವ ಯಂತ್ರ ಸಾಕಾಗುತ್ತಿಲ್ಲ. ಚಿಪ್ಪಿಗಳು ಗೋಡೆ ಬಿಟ್ಟು ಕೆಳಗೆ ಬೀಳುತ್ತಿವೆ. ಯಾರಿಗೂ ರಜೆಯಿಲ್ಲ ಅಂದಿದ್ದಾರೆ. ಆದರೆ ಅಣ್ಣನಿಗೆ ನಾನು ಬೇಕಿದ್ದರೆ ಇದೆಲ್ಲವನ್ನೂ ಬಿಟ್ಟು ಬಂದುಬಿಡುತ್ತೇನೆ. ನೀವು ಒಂದು ಮಾತು ಬರೆದರೆ ಸಾಕು.

ನಾದಿನಿ

&nbsp;

ಜುಲೈ 5

ಕಪ್ಪೆಮರಿ,

ಈಗ ಬರುವುದು ಬೇಡ. ಬರುವಂಥದ್ದೇನೂ ಆಗಿಲ್ಲ. ನಿನ್ನ ಕೆಲಸ ನೋಡಿಕೋ. ನಿಮ್ಮಣ್ಣನೂ ಅದನ್ನೇ ಹೇಳುತ್ತಾರೆ.

ಅತ್ತಿಗೆ

&nbsp;

ಜುಲೈ 19

ಅತ್ತಿಗೆ,

ಇದರಲ್ಲಿ ಎರಡು ಹಾಳೆಗಳಿವೆ. ಈ ಹಾಳೆ ನಿಮಗೆ ಮಾತ್ರ.

ಅರ್ಧಕ್ಕರ್ಧ ಚಿಪ್ಪಿಗಳು ಸತ್ತುಹೋದವು. ಬೆಳಗ್ಗೆ ಬಾಗಿಲು ತೆಗೆದರೆ ವಾಸನೆ. ಬಕೆಟ್ಟುಗಳಲ್ಲಿ ತುಂಬಿ ಹೊರಗೆ ಹಾಕಿದೆವು. ಎಷ್ಟೋ ವರ್ಷದಿಂದ ನನಗೆ ಗುರುತಿದ್ದವು, ಒಂದೊಂದರ ಚಿಪ್ಪಿನ ಕಲೆಯೂ ಗೊತ್ತಿತ್ತು. ಅಣ್ಣನಿಗೆ ಇದನ್ನು ಹೇಳಬೇಡಿ. ತನ್ನ ಔಷಧ ನಿಂತುಹೋಗುತ್ತದೇನೋ ಅಂತ ಚಿಂತೆ ಹಚ್ಚಿಕೊಂಡಾನು. ಗುಣವಾಗುತ್ತಿರುವ ಮನುಷ್ಯನಿಗೆ ಇದೆಲ್ಲ ಯಾಕೆ? ಬರುವುದು ಬೇಡ ಅಂತ ನೀವು ಬರೆದದ್ದು ಓದಿ ಒಂದು ಭಾರ ಇಳಿಯಿತು, ಸತ್ಯವಾಗಿಯೂ.

ಎರಡನೆಯ ಹಾಳೆ ಅವನಿಗೆ.

ಅಣ್ಣ, ಕೇಳು. ಮೇಲ್ವಿಚಾರಕರು ಬೂಟು ಬಿಚ್ಚಿಟ್ಟು ತೊಟ್ಟಿಗೆ ಇಳಿದಿದ್ದರು. ಒಂದು ಚಿಪ್ಪಿ ಅಂಚು ಹತ್ತಿ ಹೊರಗೆ ಬಂದು ಬೂಟಿನೊಳಗೆ ಹೋಗಿ ಅಂಟಿಕೊಂಡಿದೆ. ಅವರು ಕಾಲು ತೂರಿಸಿದರು, ಕಿರುಚಿದರು, ನಾವೆಲ್ಲ ಓಡಿಬಂದೆವು. ಚಿಪ್ಪಿ ಬಿಡಲೊಲ್ಲದು. ಎಳೆದರೆ ಅದಕ್ಕೆ ನೋವಾದೀತೆಂದು, ಬೂಟು ಸಮೇತ ನೀರಿಗೆ ಇಳಿಸಿ, ಅದಾಗಿಯೇ ಹೊರಬರಲಿ ಅಂತ ಕಾದೆವು. ಅವರು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ದೊಡ್ಡ ಸಾಹೇಬರ ಸಭೆಗೆ ಹೋದರು.

ಕಪ್ಪೆಮರಿ

&nbsp;

ಆಗಸ್ಟ್ 22

ಕಪ್ಪೆಮರಿ,

ನಿಮ್ಮಣ್ಣ ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಕೇಳಿ ನೀನು ಬಂದೆ. ಬಂದು, ಹೋಗುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ಅಡುಗೆಮನೆಯಲ್ಲಿ ಎದುರಾದಾಗ ಗೋಡೆಗೆ ಸರಿದು ದಾರಿ ಬಿಟ್ಟೆ. ಅಷ್ಟು ಜನರ ನಡುವೆ ನನಗೂ ಹೇಳಲಾಗಲಿಲ್ಲ. ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನಡೆದದ್ದು ನಿನಗೆ ತಿಳಿದಿರಬೇಕು, ಅಷ್ಟೆ.

ಸ್ಕ್ಯಾನ್ ಜೂನ್ ಮೊದಲ ವಾರವೇ ಆಗಿತ್ತು. ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದರು. ಗೆಡ್ಡೆ ಶ್ವಾಸಕೋಶಕ್ಕೂ ಹೋಗಿತ್ತು. ನಿಮ್ಮಣ್ಣ ತೋಳು ಚಾಚಿ, ಊದಿತ್ತಲ್ಲ ಅಂತ ಕೇಳಿದರು. ಆಕೆ ಹೇಳಿದರು: "ನಿಮ್ಮ ಮೈ ಚಿಪ್ಪಿಯನ್ನ ಚೆನ್ನಾಗಿ ಗುರುತು ಹಿಡೀತು. ರಕ್ತದಲ್ಲಿ ಅದರ ವಿರುದ್ಧ ಬೇಕಾದಷ್ಟು ತಯಾರಿ ಇದೆ. ಆದರೆ ಜೊತೆಗೆ ಅಂಟಿಸಿದ್ದನ್ನ ಅದು ನೋಡಲೇ ಇಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು, "ಅವಳಿಗೆ ಹೇಳಬೇಡ."

"ಯಾಕೆ? ಅವಳು ನಿಮ್ಮ ತಂಗಿ."

"ಅದಕ್ಕೇ. ಇನ್ಮೇಲೆ ಎಲ್ಲರೂ ನನ್ನನ್ನ ಸಾಯೋನ ಥರ ನೋಡ್ತಾರೆ. ನೀನೂ ನೋಡ್ತೀಯ, ಈಗಲೇ ನೋಡ್ತಿದ್ದೀಯ. ಅವಳೊಬ್ಬಳಾದರೂ ನಾನು ಗುಣ ಆಗ್ತಿದ್ದೀನಿ ಅಂದ್ಕೊಂಡಿರಲಿ."

ನಾನು ಜಗಳವಾಡಿದೆ. ಮನೆಗೆ ಬಂದೂ ಆಡಿದೆ. ಅವಳಿಗೆ ತಿಳಿಯುವ ಹಕ್ಕಿಲ್ಲವೇ ಅಂದೆ. ಅವರು ಜಗ್ಗಲಿಲ್ಲ. ಆದರೆ ಎಲ್ಲವನ್ನೂ ಅವರ ಮೇಲೆ ಹಾಕಿ ನಾನು ಪಾರಾಗಲಾರೆ. ‘ಬರುವುದು ಬೇಡ’ ಅಂತ ನಾನು ಬರೆದ ಮಧ್ಯಾಹ್ನ ಅವರು ನಿದ್ದೆ ಮಾಡುತ್ತಿದ್ದರು. ನಿನ್ನ ಕಾಗದವನ್ನು ಅವರಿಗಿನ್ನೂ ಓದಿ ಹೇಳಿರಲಿಲ್ಲ. ನಾನೊಬ್ಬಳೇ ಬರೆದೆ, ಯಾರೂ ಒತ್ತಾಯಿಸಲಿಲ್ಲ.

ಯಾಕೆಂದರೆ ನಿನ್ನ ಕಾಗದ ಓದುವಷ್ಟು ಹೊತ್ತು ಈ ಮನೆಯಲ್ಲಿ ಕಾಯಿಲೆ ಇರುತ್ತಿರಲಿಲ್ಲ. ನೀನು ಬಂದು ಅವರ ಮುಖ ನೋಡಿದ ಕೂಡಲೇ ಅಂಥ ಕಾಗದ ಬರೆಯುವವರು ಯಾರೂ ಇರುತ್ತಿರಲಿಲ್ಲ. ನನಗೆ ಅದೊಂದು ಬೇಕಿತ್ತು. ಅವರಿಗಾಗಿ ಅಂತ ಹೇಳಿಕೊಂಡೆ, ನನಗೂ ಬೇಕಿತ್ತು.

ಬೂಟಿನ ಕಥೆ ಬಂದಾಗ ಅವರಿಗೆ ಮಾತು ಕಡಿಮೆಯಾಗಿತ್ತು. ಓದಿದೆ. ಮೇಲ್ವಿಚಾರಕರು ಸಭೆಗೆ ಹೋದಲ್ಲಿಗೆ ಬಂದಾಗ ಹೊಟ್ಟೆ ಕುಲುಕಿತು, ಆಮೇಲೆ ಕೆಮ್ಮು ಹತ್ತಿತು, ಕೆಮ್ಮಿನ ನಡುವೆಯೂ ಕೈ ಆಡಿಸಿ, ಇನ್ನೊಂದು ಸಲ ಓದು ಅಂದರು. ಅವರು ನಕ್ಕದ್ದನ್ನು ನಾನು ಕೊನೆಯದಾಗಿ ನೋಡಿದ್ದು ಆಗ.

ನಿನಗೆ ಸಿಟ್ಟು ಬರುವುದು ನ್ಯಾಯ.

ಅತ್ತಿಗೆ

&nbsp;

ನವೆಂಬರ್ 14

ಅತ್ತಿಗೆಯವರಿಗೆ,

ನಿಮ್ಮ ಕಾಗದವನ್ನು ಒಡೆಯದೆ ಬಹಳ ದಿನ ಇಟ್ಟುಕೊಂಡಿದ್ದೆ. ಒಡೆದ ಮೇಲೆ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ನೀವು ನಗುವಿನ ವಿಷಯ ಬರೆದದ್ದು ನನ್ನ ಸಮಾಧಾನಕ್ಕೆಂದು ಗೊತ್ತು. ಆಗಲಿಲ್ಲ. ನನ್ನಣ್ಣ ಸಾಯುತ್ತಿದ್ದ, ನಾನು ಇಲ್ಲಿ ಕುಣಿದಾಡಿಕೊಂಡು ಬೂಟಿನ ಕಥೆ ಬರೆಯುತ್ತಿದ್ದೆ. ಅದನ್ನು ನೆನೆದರೆ ಈಗಲೂ ಮೈ ಸುಡುತ್ತದೆ. ನೀವಿಬ್ಬರೂ ಕೂತು ತೀರ್ಮಾನ ಮಾಡಿದಿರಿ. ಅವನಿಗೆ ಬೇಕಾದ್ದು ಸಿಕ್ಕಿತು, ನಿಮಗೆ ಬೇಕಾದ್ದು ಸಿಕ್ಕಿತು. ನನಗೇನು ಬೇಕಿತ್ತು ಅಂತ ಕೇಳಿದಿರಾ? ಮಂಚದ ಪಕ್ಕದಲ್ಲಿ ಕೂತು ಅವನ ಕೈ ಹಿಡಿದು ಅಳುವುದಕ್ಕೆ ನಿಮಗೆ ಸಿಕ್ಕಿತು. ನಾನು ಬರುವಾಗ ಅವನ ಕೈ ತಣ್ಣಗಿತ್ತು.

ನಾನು ಬಂದರೂ ನಗಿಸುತ್ತಿದ್ದೆ ಅತ್ತಿಗೆ. ಗೊತ್ತಿದ್ದೂ ನಗಿಸುತ್ತಿದ್ದೆ. ನನ್ನಿಂದ ಅದು ಆಗುವುದಿಲ್ಲ ಅಂತ ನೀವಿಬ್ಬರೂ ಯಾಕೆ ಅಂದುಕೊಂಡಿರಿ?

ಜೀವಶಾಸ್ತ್ರಜ್ಞೆಯ ಹತ್ತಿರ ಕೇಳಿದೆ, ಊದಿದ್ದಕ್ಕೆ ಹಾಗಾದರೆ ಅರ್ಥವೇ ಇಲ್ಲವೇ ಅಂತ. ಇದೆ, ಅವನ ಕಾವಲಿನ ಕಣಗಳು ಸತ್ತಿರಲಿಲ್ಲ, ಚುರುಕಾಗಿಯೇ ಇದ್ದವು ಅಂತ ಅರ್ಥ ಅಂದಳು. ನಾನೇ ಅದಕ್ಕಿಂತ ಹೆಚ್ಚಿನ ಅರ್ಥ ಹಚ್ಚಿಕೊಂಡೆ. ಅವಳು ಆಗಲೇ ತಿದ್ದಬಹುದಿತ್ತು. ನನ್ನ ಮುಖ ನೋಡಿ ಆಗಲಿಲ್ಲವಂತೆ. ಅವಳಿಗೂ ಆಗಲಿಲ್ಲ, ನಿಮಗೂ ಆಗಲಿಲ್ಲ. ನನ್ನ ಮುಖದಲ್ಲಿ ಅಂಥದ್ದೇನಿದೆಯೋ!

ನೀರು ತಣ್ಣಗಾಗಿದೆ. ಮುಳುಗುಗಾರರು ಹೊಸ ಚಿಪ್ಪಿಗಳನ್ನು ತಂದು ಬಿಟ್ಟಿದ್ದಾರೆ. ಸೂಜಿ ನನ್ನಿಂದಾಗದು ಅಂತ ಮೇಲ್ವಿಚಾರಕರಿಗೆ ಹೇಳಿದೆ. ಅವರು ಬಲವಂತ ಮಾಡಲಿಲ್ಲ. "ಆಯ್ತು. ಆದ್ರೆ ಅವಕ್ಕೆ ಹಸಿವಾಗತ್ತೆ, ಮೇವು ಹಾಕೋದಕ್ಕಾದ್ರೂ ಬಾ" ಅಂದರು. ಹಾಗಾಗಿ ಪಾಚಿ ಹಾಕುತ್ತೇನೆ, ತೊಟ್ಟಿ ತೊಳೆಯುತ್ತೇನೆ.

ಇಷ್ಟೇ.

&nbsp;

ನವೆಂಬರ್ 27

ಕಪ್ಪೆಮರಿ,

ನೀನು ಬರೆದದ್ದು ಸರಿ. ಕೇಳಬೇಕಿತ್ತು. ಕೇಳಲಿಲ್ಲ.

ಇನ್ನು ನಿನ್ನಿಂದ ಏನನ್ನೂ ಮುಚ್ಚಿಡಬಾರದೆಂದು ಇದ್ದೇನೆ, ಆದ್ದರಿಂದ ಇದನ್ನೂ ಬರೆಯುತ್ತೇನೆ. ಕಳೆದ ವಾರ ಡಾಕ್ಟರಮ್ಮ ಫೋನ್ ಮಾಡಿದ್ದರು. ನಿಮ್ಮಣ್ಣನ ರಕ್ತ ಸ್ವಲ್ಪ ಅವರಲ್ಲಿ ಉಳಿದಿದೆಯಂತೆ, ಮುಂದಿನ ಪರೀಕ್ಷೆಗೆ ಬಳಸಬಹುದೇ ಎಂದು ಕೇಳಿದರು. ಅದೇ ಔಷಧ ತೆಗೆದುಕೊಂಡ ಒಬ್ಬ ಹೆಂಗಸಿಗೆ ಗೆಡ್ಡೆ ಬೆಳೆಯುವುದು ಸದ್ಯಕ್ಕೆ ನಿಂತಿದೆಯಂತೆ. ಆಕೆಯ ಮೈಗೆ ಕಂಡದ್ದು ಇವರ ಮೈಗೆ ಯಾಕೆ ಕಾಣಲಿಲ್ಲವೆಂದು ಹೋಲಿಸಿ ನೋಡುತ್ತಾರಂತೆ.

ಒಳ್ಳೆಯವಳಾಗಿದ್ದರೆ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾರೋ ಕಾಣದ ಆ ಹೆಂಗಸಿನ ಮೇಲೆ ಹೊಟ್ಟೆ ಉರಿಯಿತು. ಸಾಲಿನಲ್ಲಿ ಕೂತು ನಿಮ್ಮಣ್ಣನ ಮಾತಿಗೆ ನಕ್ಕವರಲ್ಲಿ ಅವಳೂ ಇದ್ದಳೋ ಏನೋ. ಆಮೇಲೆ ಬಳಸಿಕೊಳ್ಳಿ ಅಂದೆ. ಫೋನ್ ಇಟ್ಟು, ಬಚ್ಚಲಿನಲ್ಲಿ ನಲ್ಲಿ ಬಿಟ್ಟು, ಅತ್ತೆ. ಕೇಳುವವರು ಯಾರೂ ಇಲ್ಲ, ಆದರೂ ನಲ್ಲಿ ಬಿಟ್ಟೆ.

ಅಂಗಡಿಯನ್ನು ದುರಸ್ತಿಗೆಂದು ಮುಚ್ಚಿದ್ದಾರೆ. ಮನೆಯಲ್ಲಿ ಮಾಡುವುದಕ್ಕೇನೂ ಇಲ್ಲ. ಮೊನ್ನೆ ಅವರ ಶರಟುಗಳನ್ನು ಇಸ್ತ್ರಿ ಮಾಡಿದೆ. ಮುಗಿದ ಮೇಲೆ ಏನು ಮಾಡುವುದೆಂದು ತೋಚದೆ ಮತ್ತೆ ಒಂದೊಂದೇ ಬಿಡಿಸಿ ಇಸ್ತ್ರಿ ಮಾಡಿದೆ.

ಉತ್ತರ ಬರೆಯಲೇಬೇಕೆಂದಿಲ್ಲ.

ಅತ್ತಿಗೆ

&nbsp;

ಡಿಸೆಂಬರ್ 6

ಅತ್ತಿಗೆ,

ಆ ಹೆಂಗಸು ಬದುಕಲಿ. ಇದನ್ನು ಬರೆಯಲು ನನಗೆ ಎರಡು ದಿನ ಹಿಡಿಯಿತು. ಇನ್ನೂ ಮನಸ್ಸಿನಿಂದ ಬಂದಿಲ್ಲ, ಆದರೂ ಬರೆದಿದ್ದೇನೆ.

ರೈಲಿಳಿದ ಮೇಲೆ ನಿಲ್ದಾಣದ ಹಿಂದಿನ ಬಾಗಿಲಿನಿಂದ ಹೊರಗೆ ಬನ್ನಿ, ಮುಂದಿನದರಿಂದ ಬೇಡ. ಅಲ್ಲಿ ಹಸಿರು ಬಣ್ಣದ ಬಸ್ಸು ನಿಂತಿರುತ್ತದೆ. ಎಡಗಡೆ ಕೂತರೆ ದಾರಿಯುದ್ದಕ್ಕೂ ಸಮುದ್ರ ಕಾಣುತ್ತದೆ. ಕೊನೆಯ ನಿಲ್ದಾಣದಲ್ಲಿ ಇಳಿಯಿರಿ. ಗಾಳಿ ಜೋರು, ಉಣ್ಣೆಯದೇನಾದರೂ ತನ್ನಿ. ಕೋಣೆ ಚಿಕ್ಕದು, ಒದ್ದೆ ಬಟ್ಟೆಯ ವಾಸನೆ ಇರುತ್ತದೆ, ಸಹಿಸಿಕೊಳ್ಳಬೇಕು. ಅಂಗಡಿ ತೆರೆಯುವವರೆಗೂ ಇರಿ. ಆಮೇಲಿನದು ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ. ನೀವಿಲ್ಲಿದ್ದಾಗಲೂ ಇರುತ್ತದೆ. ಒಂದೊಂದು ದಿನ ಮಾತಾಡದೆ ಇರಬಹುದು, ಒಂದೊಂದು ದಿನ ಜೋರಾಗಿ ಜಗಳವನ್ನೇ ಆಡಬಹುದು. ನೀವೂ ಆಡಿ, ಸುಮ್ಮನಿರಬೇಡಿ. ನಮ್ಮಣ್ಣನ ವಿಷಯಕ್ಕೆ ಜಗಳವಾಡಲು ನನಗೆ ಈ ಲೋಕದಲ್ಲಿ ಬೇರೆ ಯಾರಿದ್ದಾರೆ?

ಬಸ್ಸಿಳಿಯುವಾಗ ನಾನು ಅಲ್ಲೇ ನಿಂತಿರುತ್ತೇನೆ.

ಕಪ್ಪೆಮರಿ